ಅರ್ಕಾವತ್ತು ಉದುರಿದ ಮೂರು ಅಧ್ಯಾಯ

ನವೆಂಬರಿನ ಒಂದು ಬೆಳಿಗ್ಗೆ ನೋಯ್ಡಾ ಸೆಕ್ಟರ್ 62ರ ಮೆಟ್ರೊ ನಿಲ್ದಾಣದಲ್ಲಿ ನಿಂತಿದ್ದೆ. ಎದುರಿನ ಕಟ್ಟಡಗಳು ಹೊಗೆಯಲ್ಲಿ ಅರ್ಧ ಕಾಣುತ್ತಿದ್ದವು, ಅರ್ಧ ಇಲ್ಲ. ಮೊಬೈಲಿಗೆ ಒಂದು ಇಮೇಲ್ ಬಂತು. ಬರೆದವರು ಮಲೆನಾಡಿನ ಒಂದು ಊರಿನ ನಿವೃತ್ತ ಮೇಷ್ಟ್ರು. ನಾವು ನಾಲ್ಕೈದು ಜನ ಬಿಡುವಿನಲ್ಲಿ ಕಟ್ಟುತ್ತಿರುವ ಒಂದು ಪುಟ್ಟ ಮುಕ್ತ ತಂತ್ರಾಂಶವನ್ನು ಅವರು ಬಳಸಿದ್ದರು. ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡವನ್ನು ಯೂನಿಕೋಡ್‌ಗೆ ತಿರುಗಿಸುವುದು ಅದರ ಕೆಲಸ.

ಮೇಷ್ಟ್ರು ತಮ್ಮ ಊರಿನ ಚರಿತ್ರೆ ಬರೆದಿದ್ದರು. ಹದಿನೈದು ವರ್ಷದ ಹಿಂದೆ, ಪೇಟೆಯ ಪ್ರೆಸ್ಸಿನವರು ಹಾಕಿಕೊಟ್ಟ ಫಾಂಟಿನಲ್ಲಿ, ಒಂದೊಂದೇ ಬೆರಳಲ್ಲಿ ಟೈಪ್ ಮಾಡಿದ್ದು. ಅದನ್ನು ಯೂನಿಕೋಡ್ ಮಾಡಿದರೆ ಮೊಮ್ಮಗಳು ಮೊಬೈಲಿನಲ್ಲಿ ಓದುತ್ತಾಳೆ ಎಂದು ಯಾರೋ ಹೇಳಿದರು. ನಮ್ಮ ತಂತ್ರಾಂಶ ಇಳಿಸಿಕೊಂಡು, ಮೂರು ಅಧ್ಯಾಯಗಳ ಮೇಲೆ ಓಡಿಸಿದರು. ಮೂರೂ ಕಡತಗಳಲ್ಲಿ ಅರ್ಕಾವತ್ತುಗಳು ಪೂರ್ತಿ ಉದುರಿಹೋದವು. ‘ವರ್ಷ’ ‘ವಷ’ ಆಯಿತು. ‘ಧರ್ಮ’ ‘ಧಮ’ ಆಯಿತು. ‘ಕರ್ನಾಟಕ’ ‘ಕನಾಟಕ’ ಆಯಿತು. ಅಷ್ಟೇ ಆಗಿದ್ದರೆ ಮತ್ತೊಮ್ಮೆ ಓಡಿಸಬಹುದಿತ್ತು. ನಮ್ಮ ತಂತ್ರಾಂಶ ಹೊಸ ಪಠ್ಯವನ್ನು ಹಳೆಯ ಕಡತದ ಮೇಲೆಯೇ ಬರೆದುಬಿಟ್ಟಿತ್ತು. ಮೂಲ ಇರಲಿಲ್ಲ.

ಸಾಮಾನ್ಯ ಪದಗಳನ್ನು ಓದಿದವರು ಸರಿಪಡಿಸಿಕೊಳ್ಳುತ್ತಾರೆ. ‘ವಷ’ ನೋಡಿದ ಯಾವ ಕನ್ನಡಿಗನೂ ತಡವರಿಸುವುದಿಲ್ಲ. ಆದರೆ ಎರಡನೇ ಅಧ್ಯಾಯದಲ್ಲಿ ಗದ್ದೆಗಳ ಹೆಸರಿದ್ದವು. ಊರಿನ ಮುದುಕರು ಹೇಳಿದ್ದನ್ನು ಕೇಳಿ ಬರೆದುಕೊಂಡ ಹೆಸರುಗಳು, ಪಹಣಿಯಲ್ಲಿ ಇಲ್ಲದವು, ಅಲ್ಲಿ ಸರ್ವೆ ನಂಬರ್ ಅಷ್ಟೇ ಇರುತ್ತದೆ. ಈಗ ತೆರೆಯಲ್ಲಿ ಉಳಿದಿದ್ದ ‘ಬಗಿ’ ನಿಜಕ್ಕೂ ‘ಬಗಿ’ಯೋ, ‘ಬರ್ಗಿ’ಯೋ? ಮೇಷ್ಟ್ರಿಗೇ ನೆನಪಿಲ್ಲ. ಹೇಳಿದವರು ಈಗಿಲ್ಲ.

ಪತ್ರದಲ್ಲಿ ಸಿಟ್ಟಿರಲಿಲ್ಲ. ಕೊನೆಯಲ್ಲಿ ಒಂದೇ ಸಾಲು: ‘ಮೊದಲು ಪ್ರತಿ ತೆಗೆದಿಡಿ ಎಂದು ಎಲ್ಲಾದರೂ ಬರೆದಿದ್ದರೆ ತೆಗೆದಿಡುತ್ತಿದ್ದೆ.’

ಬರೆದಿತ್ತು. ಅದೇ ನನಗೆ ಇವತ್ತಿಗೂ ಚುಚ್ಚುವುದು. ತಂತ್ರಾಂಶದ ಜೊತೆಗಿದ್ದ ‘ರೀಡ್‌ಮಿ’ ಕಡತದಲ್ಲಿ, ಮೂರು ತೆರೆ ಕೆಳಗೆ, ಆಜ್ಞೆಗಳ ಪಟ್ಟಿ ಮುಗಿದ ಮೇಲೆ, ಇಂಗ್ಲಿಷಿನಲ್ಲಿ ಬರೆದಿತ್ತು. ಬರೆದವನು ನಾನೇ.

ಕೋಡ್ ಸರಿಪಡಿಸಲು ಒಂದು ಸಂಜೆ ಸಾಕಾಯಿತು. ಹೊಸ ಪಠ್ಯ ಹೊಸ ಕಡತಕ್ಕೆ ಹೋಗಬೇಕು, ಗುರುತು ಸಿಗದ ಅಕ್ಷರ ಬಂದರೆ ಸದ್ದಿಲ್ಲದೆ ಬಿಸಾಡುವ ಬದಲು ನಿಂತು ಹೇಳಬೇಕು, ಅಷ್ಟೇ. ಕೈಪಿಡಿಯನ್ನು ಸರಿಪಡಿಸುವುದು ಮಾತ್ರ ಏಳು ತಿಂಗಳಿಂದ ನಡೆಯುತ್ತಿದೆ. ಈ ಲೇಖನ ಆ ಏಳು ತಿಂಗಳ ಬಗ್ಗೆ.

ಸಮಸ್ಯೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕಂಪ್ಯೂಟರಿನಲ್ಲಿ ಕನ್ನಡವೆಂದರೆ ಒಂದು ಬಗೆಯ ವೇಷ. ಒಳಗೆ ಇರುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೇ. ಫಾಂಟ್ ಅವುಗಳ ಮೇಲೆ ಕನ್ನಡದ ತುಣುಕುಗಳನ್ನು ಅಂಟಿಸುತ್ತಿತ್ತು. ಫಾಂಟ್ ತೆಗೆದರೆ ಕನ್ನಡ ಮಾಯ. ನುಡಿ, ಬರಹ, ಶ್ರೀಲಿಪಿ, ಆಕೃತಿ ಎಲ್ಲವೂ ಹೀಗೆ ಶುರುವಾದವು. ನುಡಿಯಲ್ಲಿ ಒಂದು ಅಕ್ಷರ ಕೂತ ಮನೆಯಲ್ಲಿ ಶ್ರೀಲಿಪಿಯಲ್ಲಿ ಬೇರೇನೋ ಕೂತಿರುತ್ತದೆ. ಜೊತೆಗೆ ಆ ಫಾಂಟ್‌ಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ತುಣುಕುಗಳನ್ನು ಇಡುತ್ತಿದ್ದವು. ‘ಧರ್ಮ’ ಎಂದರೆ ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವತ್ತು. ಯೂನಿಕೋಡ್ ಉಚ್ಚಾರದ ಕ್ರಮ ಹಿಡಿಯುತ್ತದೆ: ಧ, ರ, ವಿರಾಮ, ಮ. ಹಾಗಾಗಿ ಪರಿವರ್ತಕವು ಅರ್ಕಾವತ್ತನ್ನು ಎತ್ತಿ ಹಿಂದಕ್ಕೆ ತಂದು ಕೂರಿಸಬೇಕು. ಮೇಷ್ಟ್ರ ಫಾಂಟ್ ನುಡಿಯನ್ನೇ ಹೋಲುತ್ತಿತ್ತು, ಅರ್ಕಾವತ್ತಿನ ಮನೆ ಮಾತ್ರ ಬೇರೆ. ನಮ್ಮ ಕೋಷ್ಟಕದಲ್ಲಿ ಆ ಮನೆ ಖಾಲಿ ಎಂದಿತ್ತು.

ಇಂಥ ಪರಿವರ್ತಕ ಬರೆದವರಲ್ಲಿ ನಾವು ಮೊದಲಿಗರೇನಲ್ಲ. ಗುಬ್ಬಿ, ನವಿಲು ಫಾಂಟ್‌ಗಳನ್ನು ಕೊಟ್ಟ ಅರವಿಂದ ವಿ.ಕೆ. ಅಂಥದ್ದೊಂದನ್ನು ಬರೆದು ಮುಕ್ತವಾಗಿ ಇಟ್ಟಿದ್ದಾರೆ. ನಮ್ಮದು ದೊಡ್ಡ ಗಂಟುಗಳಿಗೆ: ಒಂದು ಫೋಲ್ಡರಿನಲ್ಲಿ ಇನ್ನೂರು ಕಡತ ಇದ್ದರೆ ಒಟ್ಟಿಗೆ ತಿರುಗಿಸಬೇಕು ಎಂದು ಹುಟ್ಟಿದ್ದು. ಪ್ರೆಸ್ಸುಗಳಲ್ಲಿ, ಸಂಘಗಳ ಕಪಾಟುಗಳಲ್ಲಿ, ತೀರಿಕೊಂಡ ಲೇಖಕರ ಮಕ್ಕಳ ಮನೆಗಳಲ್ಲಿ ಈ ವೇಷದ ಕನ್ನಡ ಸಿಡಿಗಟ್ಟಲೆ ಬಿದ್ದಿದೆ. ಸಿಡಿಗಳಿಗೂ ವಯಸ್ಸಾಗುತ್ತಿದೆ.

ಹೊಸ ಕೈಪಿಡಿ ತಾಣ ಮಾಡೋಣ ಎಂದು ನಿರ್ಧರಿಸಿದ ಮೇಲೆ ನಾವು ಮಾಡಿದ ಮೊದಲ ಕೆಲಸವೇ ತಪ್ಪು. ಯಾವ ಸಾಧನದಿಂದ ತಾಣ ಕಟ್ಟುವುದು ಎಂದು ಮೂರು ವಾರ ಜಗಳವಾಡಿದೆವು. ಸ್ಫಿಂಕ್ಸ್ ಬೇಕೆಂದು ಒಬ್ಬ. ಪೈಥಾನ್ ಭಾಷೆಯ ಕೈಪಿಡಿಗಾಗಿಯೇ ಗಿಯೋರ್ಗ್ ಬ್ರಾಂಡ್ಲ್ ಬರೆದು 2008ರಲ್ಲಿ ಹೊರತಂದ ಸಾಧನ ಅದು, ಹಳೆಯದು, ಗಟ್ಟಿ. ಹ್ಯೂಗೊ ಬೇಕೆಂದು ಇನ್ನೊಬ್ಬ, ಕ್ಯುಬರ್ನೆಟೀಸ್‌ನವರೇ ಅದನ್ನು ಬಳಸುತ್ತಾರೆ ಎಂಬ ವಾದ. ಡಾಕ್ಯುಸಾರಸ್ ನೋಡಲು ಚೆಂದ ಎಂದು ಜರ್ಮನಿಯಲ್ಲಿರುವ ಗೆಳತಿ. ನಾನು ಎಂ.ಟೆಕ್‌ನಲ್ಲಿ ಕಲಿತದ್ದೆಲ್ಲ ಖರ್ಚು ಮಾಡಿ ಒಂದು ಹೋಲಿಕೆ ಕೋಷ್ಟಕ ತಯಾರಿಸಿದೆ. ಹನ್ನೊಂದು ಕಂಬ ಸಾಲು, ಬಣ್ಣ ಬಣ್ಣದ್ದು. ಮನೆ ಕಟ್ಟುವವರು ಎಷ್ಟು ಜನ ಇರುತ್ತಾರೆಂದು ಕೇಳದೆ ಮೊದಲು ಟೈಲ್ಸ್ ಆರಿಸಲು ಹೋದ ಹಾಗೆ. ಆ ಕೋಷ್ಟಕವನ್ನು ಆಮೇಲೆ ಯಾರೂ ತೆರೆದಿಲ್ಲ.

ಜಗಳ ನಿಂತಿದ್ದು ಊರಿಗೆ ಹೋದಾಗ. ನಮ್ಮದು ತಿಪಟೂರು ಕಡೆ, ತೆಂಗಿನ ತೋಟ. ಸಂಕ್ರಾಂತಿಗೆ ಹೋದವನು ನೀರು ಬಿಡಲು ಪಂಪ್‌ಹೌಸ್ ಬಾಗಿಲು ತೆಗೆದೆ. ಸ್ಟಾರ್ಟರ್ ಡಬ್ಬಿಯ ಪಕ್ಕದ ಗೋಡೆಯ ಮೇಲೆ, ಕಣ್ಣಿನ ಎತ್ತರಕ್ಕೆ, ಅಪ್ಪ ಕೆಂಪು ಪೇಂಟಿನಲ್ಲಿ ಬರೆದದ್ದು ನನ್ನ ಬಾಲ್ಯದಿಂದಲೂ ಅಲ್ಲೇ ಇದೆ: ‘ಮೂರು ದೀಪ ಉರಿಯದೆ ಹಸಿರು ಗುಂಡಿ ಒತ್ತಬೇಡ.’ ಮೂರು ಫೇಸಿಗೆ ಮೂರು ದೀಪ. ಎರಡೇ ಫೇಸ್ ಇದ್ದಾಗ ಮೋಟರ್ ಶುರುಮಾಡಿದರೆ ಸುರುಳಿ ಸುಟ್ಟುಹೋಗುತ್ತದೆ. ಒಮ್ಮೆ ಸುಟ್ಟಿತ್ತು, ರೀವೈಂಡಿಂಗ್‌ಗೆ ಪೇಟೆಗೆ ಹೊತ್ತುಕೊಂಡು ಹೋದ ವಾರದಲ್ಲೇ ಅಪ್ಪ ಬ್ರಷ್ ಹಿಡಿದದ್ದು. ಮೋಟರಿನ ಜೊತೆ ಬಂದ ಕಂಪನಿಯ ಪುಸ್ತಕ ಇವತ್ತಿಗೂ ಪ್ಲಾಸ್ಟಿಕ್ ಚೀಲದಲ್ಲಿ ಅಟ್ಟದ ಮೇಲಿದೆ. ಅದರಲ್ಲೂ ಈ ಮಾತು ಇರಲೇಬೇಕು, ಎಲ್ಲೋ ಹದಿನೇಳನೇ ಪುಟದಲ್ಲಿ.

ಮೇಷ್ಟ್ರ ಕಡತ ಸುಟ್ಟಾಗಿದೆ, ಗೋಡೆ ಖಾಲಿ ಇದೆ, ನಾವು ಪೇಂಟಿನ ಬ್ರಾಂಡ್ ಬಗ್ಗೆ ಮಾತಾಡುತ್ತಿದ್ದೇವೆ ಅನ್ನಿಸಿತು. ದೆಹಲಿಗೆ ವಾಪಸ್ ಬಂದು, ನಾಲ್ಕು ವರ್ಷಗಳಲ್ಲಿ ನಮಗೆ ಬಂದಿದ್ದ ಪತ್ರಗಳನ್ನೆಲ್ಲ ಒಂದು ಕಡೆ ಹಾಕಿಕೊಂಡು ಓದಲು ಕೂತೆ. ಇನ್ನೂರ ಚಿಲ್ಲರೆ ಇದ್ದವು. ನಾವು ಒಬ್ಬೊಬ್ಬರಿಗೂ ಬಿಡಿಯಾಗಿ ಉತ್ತರಿಸಿ ಮರೆತಿದ್ದೆವು. ಒಟ್ಟಿಗೆ ಓದಿದಾಗ ಬೇರೆಯೇ ಚಿತ್ರ. ನಮ್ಮ ಹಳೆಯ ಕೈಪಿಡಿಯ ಮುಕ್ಕಾಲು ಭಾಗ ತಂತ್ರಾಂಶದ ಒಳರಚನೆಯ ಬಗ್ಗೆ. ಅದರ ಬಗ್ಗೆ ಕೇಳಿದವರು ಬೆರಳೆಣಿಕೆಯಷ್ಟು. ಅತಿ ಹೆಚ್ಚು ಜನ ಕೇಳಿದ್ದು: ‘ನನ್ನ ಕಡತದಲ್ಲಿರುವುದು ಯಾವ ಫಾಂಟ್ ಎಂದು ತಿಳಿಯುವುದು ಹೇಗೆ?’ ಆ ಪ್ರಶ್ನೆಗೆ ನಮ್ಮಲ್ಲಿ ಒಂದು ಸಾಲಿನ ಉತ್ತರವೂ ಬರೆದಿರಲಿಲ್ಲ. ನಮಗೆ ಅದು ಪ್ರಶ್ನೆ ಅಂತಲೇ ಅನ್ನಿಸಿರಲಿಲ್ಲ.

ಎರಡನೆಯದು, ನಡುನಡುವೆ ಇಂಗ್ಲಿಷ್ ಇದ್ದರೆ ಏನಾಗುತ್ತದೆ ಎಂಬುದು. ಫಾಂಟಿನ ಮಾಹಿತಿ ಕಳೆದುಹೋದ ಬರೀ ಪಠ್ಯದಲ್ಲಿ ಇಂಗ್ಲಿಷ್ ಅಕ್ಷರ ಯಾವುದು, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರ ಯಾವುದು ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ; ಎರಡನ್ನೂ ಕನ್ನಡ ಮಾಡಿ ಗೊಜ್ಜು ಮಾಡುತ್ತದೆ. ಮೂರನೆಯದು ಹೆಸರುಗಳದ್ದು. ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗಿದೆ, ಏಕೆ? ಕಣ್ಣಿಗೆ ಕಾಣದ ಒಂದು ಅಡ್ಡಗೋಡೆಯ ಚಿಹ್ನೆ ನಡುವೆ ಬೇಕು, ಹಳೆಯ ಫಾಂಟ್‌ಗೆ ಅದರ ಅಗತ್ಯವೇ ಇರಲಿಲ್ಲ. ‘ರ‍್ಯಾಂಕ್’ ಎಂಬ ಒಂದು ಪದದ ಮೇಲೆ ಮೂರು ಜನ ಬರೆದಿದ್ದರು. ಪಾಪ, ಅವರಲ್ಲಿ ಒಬ್ಬರು ಮಗಳ ಅಭಿನಂದನಾ ಪತ್ರ ಮಾಡುತ್ತಿದ್ದವರು.

ಈ ರೋಗ ನಮ್ಮೊಬ್ಬರದೇ ಅಲ್ಲ. ಗಿಟ್‌ಹಬ್ 2017ರಲ್ಲಿ ಮುಕ್ತ ತಂತ್ರಾಂಶದ ಬಳಗಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಅರ್ಧಂಬರ್ಧ ಅಥವಾ ಹಳಸಿದ ಕೈಪಿಡಿ ತಮಗೆ ಎದುರಾದ ತೊಂದರೆ ಎಂದವರು 93%. ಅದೇ ಸಮೀಕ್ಷೆಯಲ್ಲಿ, ಕೊಡುಗೆ ನೀಡುವವರಲ್ಲಿ 60% ಜನ ತಾವು ಕೈಪಿಡಿಗೆ ಕೈಹಾಕುವುದು ಅಪರೂಪ ಅಥವಾ ಇಲ್ಲವೇ ಇಲ್ಲ ಎಂದಿದ್ದರು. ಊಟಕ್ಕೆ ಎಲ್ಲರೂ, ಎಲೆ ಎತ್ತುವುದಕ್ಕೆ ಯಾರೂ ಇಲ್ಲ. ನಮ್ಮ ಕಚೇರಿಗಳಲ್ಲೂ ಅಷ್ಟೇ. ಕೋಡ್ ಬರೆದವನಿಗೆ ಬಡ್ತಿ, ಕೈಪಿಡಿ ಬರೆದವನಿಗೆ ‘ಥ್ಯಾಂಕ್ಸ್’ ಎಂಬ ಇಮೇಲ್.

ಇದಕ್ಕೆ ಹೊರತಾದ ಒಂದು ಉದಾಹರಣೆ ಪತ್ರಿಕೆ ಓದುವವರಿಗೆ ಇಷ್ಟವಾಗಬಹುದು. ಜಗತ್ತಿನ ಸಾವಿರಾರು ತಾಣಗಳ ಬೆನ್ನೆಲುಬಾಗಿರುವ ಡ್ಯಾಂಗೊ ಎಂಬ ಮುಕ್ತ ತಂತ್ರಾಂಶ ಹುಟ್ಟಿದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ಎಂಬ ಸಣ್ಣ ಊರಿನ ಪತ್ರಿಕೆಯಲ್ಲಿ. ಏಡ್ರಿಯನ್ ಹೊಲೊವಾಟಿ, ಸೈಮನ್ ವಿಲಿಸನ್ ಅಲ್ಲಿ ಕೆಲಸ ಮಾಡುತ್ತಿದ್ದವರು. 2005ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಡ್ಯಾಂಗೊದ ಕೈಪಿಡಿ ಇವತ್ತಿಗೂ ನಮ್ಮ ವೃತ್ತಿಯಲ್ಲಿ ಮಾದರಿ ಎನಿಸಿಕೊಂಡಿದೆ. ಓದುಗ ಎರಡನೇ ಪ್ಯಾರಾದಲ್ಲಿ ಪುಟ ತಿರುಗಿಸಿಬಿಡುತ್ತಾನೆ ಎಂಬ ಭಯ ಪತ್ರಿಕೆಯಲ್ಲಿದ್ದವರಿಗೆ ಇರುತ್ತದೆ, ಎಂಜಿನಿಯರ್‌ಗೆ ಇರುವುದಿಲ್ಲ. ಇದು ನನ್ನ ಊಹೆ ಅಷ್ಟೇ.

ಅದೇ ಡ್ಯಾಂಗೊ ಬಳಗದ ಡೇನಿಯಲೆ ಪ್ರೊಚಿಡಾ ಕೈಪಿಡಿಯನ್ನು ನಾಲ್ಕು ಬಗೆಯಾಗಿ ಒಡೆಯುತ್ತಾರೆ. ಕೈಹಿಡಿದು ಕಲಿಸುವ ಪಾಠ ಒಂದು. ಒಂದು ನಿರ್ದಿಷ್ಟ ಕೆಲಸ ಮುಗಿಸುವ ದಾರಿ ಇನ್ನೊಂದು. ಬೇಕಾದಾಗ ತೆಗೆದು ನೋಡುವ ನಿಘಂಟಿನಂಥ ಆಕರ ಮತ್ತೊಂದು. ‘ಹೀಗೇಕೆ?’ ಎಂಬ ವಿವರಣೆ ನಾಲ್ಕನೆಯದು. ಒಂದರೊಳಗೆ ಇನ್ನೊಂದನ್ನು ಕಲಸಬಾರದು ಎಂಬುದು ಅವರ ವಾದ. ನಮ್ಮ ಹಳೆಯ ಕೈಪಿಡಿ ನಾಲ್ಕನ್ನೂ ಕಲಸಿದ ಚಿತ್ರಾನ್ನ. ಪ್ರತಿ ತೆಗೆದಿಡಿ ಎಂಬ ದಾರಿಯ ಮಾತು ಆಕರದ ಕೊನೆಯಲ್ಲಿ ಬಿದ್ದಿತ್ತು. ಆಕರವನ್ನು ಯಾರಾದರೂ ಮೊದಲಿನಿಂದ ಕೊನೆವರೆಗೆ ಓದುತ್ತಾರೆಯೇ? ಈ ವಿಂಗಡಣೆ ನಮಗೆ ತುಂಬ ಸಹಾಯ ಮಾಡಿತು. ಆದರೂ ನನ್ನದೊಂದು ತಕರಾರಿದೆ: ಆ ನಾಲ್ಕರಲ್ಲಿ ಅಪ್ಪನ ಗೋಡೆಗೆ ಪ್ರತ್ಯೇಕ ಜಾಗ ಇಲ್ಲ.

ಜಾಗ ಸಿಕ್ಕಿದ್ದು ಇನ್ನೂ ಹಳೆಯದೊಂದರಲ್ಲಿ. ಯುನಿಕ್ಸ್‌ನ ಮೊದಲ ಕೈಪಿಡಿ 1971ರ ನವೆಂಬರ್ 3ರ ತಾರೀಖಿನದು, ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬರೆದದ್ದು. ಅದರಲ್ಲಿ ಒಂದೊಂದು ಆಜ್ಞೆಯ ವಿವರದ ಕೆಳಗೂ ‘ಬಗ್ಸ್’ ಎಂಬ ಶೀರ್ಷಿಕೆ ಇರುತ್ತದೆ. ಈ ಆಜ್ಞೆಯಲ್ಲಿರುವ ದೋಷ ಇವು ಎಂದು ಬರೆದವರೇ ಒಪ್ಪಿಕೊಳ್ಳುವ ಜಾಗ. ಐವತ್ತು ವರ್ಷದ ಹಿಂದೆ ಅಷ್ಟು ದೊಡ್ಡವರು ಮಾಡಿದ್ದನ್ನು ನಾವು ಮಾಡಲು ಹಿಂಜರಿಯುತ್ತೇವೆ. ಮುಖಪುಟದಲ್ಲಿ ‘ವೇಗ, ಸರಳ, ನಿಖರ’ ಎಂದು ಬರೆಯುತ್ತೇವೆ. ನಮ್ಮ ಹಳೆಯ ಮುಖಪುಟದಲ್ಲೂ ಈ ಮೂರು ಪದ ಇದ್ದವು. ‘ನಿಖರ’ ಎಂಬುದನ್ನು ಮೇಷ್ಟ್ರು ಓದಿರಬೇಕು.

ತಪ್ಪು ಒಪ್ಪಿಕೊಳ್ಳುವುದರ ಬಗ್ಗೆ ಕನ್ನಡದ್ದೇ ಒಂದು ಸೊಗಸಾದ ಪ್ರಸಂಗವಿದೆ. ಹಳಗನ್ನಡದ ‘ೞ’ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಕೊಟ್ಟ ಅಧಿಕೃತ ಇಂಗ್ಲಿಷ್ ಹೆಸರು ‘ಕನ್ನಡ ಲೆಟರ್ ಫ’! ಯಾರದೋ ಕಣ್ತಪ್ಪು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲ ಎಂಬುದು ಯೂನಿಕೋಡ್‌ನ ನಿಯಮ; ಹೆಸರು ಬದಲಾದರೆ ಅದನ್ನು ನಂಬಿದ ತಂತ್ರಾಂಶಗಳು ಕೆಡುತ್ತವೆ. ಹಾಗಾಗಿ ತಪ್ಪು ಹೆಸರು ಹಾಗೇ ಉಳಿದಿದೆ, ಪಕ್ಕದಲ್ಲಿ ಸರಿಯಾದ ಹೆಸರನ್ನು ತಿದ್ದುಪಡಿಯ ಅಡ್ಡಹೆಸರಾಗಿ ದಾಖಲಿಸಿದ್ದಾರೆ. ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ ತಪ್ಪು–ಒಪ್ಪುಗಳ ಪಟ್ಟಿ ಇರುತ್ತಿತ್ತಲ್ಲ, ಹಾಗೆ. ನಮ್ಮ ಹೊಸ ತಾಣದ ಯೋಜನೆಯಲ್ಲಿ ಮುಖಪುಟದ ಮೇಲೆ ಮೊದಲು ಬರುವುದು ‘ಶುರುಮಾಡುವ ಮುನ್ನ’ ಎಂಬ ನಾಲ್ಕು ಸಾಲು. ಎರಡನೆಯ ಕೊಂಡಿಯೇ ‘ತಪ್ಪು–ಒಪ್ಪು’. ಯಾವ ಫಾಂಟಿನಲ್ಲಿ ಏನು ಕೆಡುತ್ತದೆ, ಯಾವ ಆವೃತ್ತಿಯಲ್ಲಿ ಏನು ಕೆಟ್ಟಿತ್ತು, ಎಲ್ಲ ಅಲ್ಲಿ. ಇಷ್ಟೆಲ್ಲ ಬರೆದರೆ ಯಾರು ಬಳಸುತ್ತಾರೆ ಎಂದು ನಮ್ಮಲ್ಲೊಬ್ಬ ಕೇಳಿದ. ಹೆದರಿ ಬಿಟ್ಟುಹೋದವರ ಕಡತವಾದರೂ ಉಳಿಯುತ್ತದಲ್ಲ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಈಗಲೂ ಆಗಿಲ್ಲ.

ಮುಂದಿನ ಜಗಳ ಭಾಷೆಯದು. ಮುಕ್ತ ತಂತ್ರಾಂಶದ ಲೋಕದಲ್ಲಿ ಪದ್ಧತಿ ಎಂದರೆ ಮೂಲ ಇಂಗ್ಲಿಷಿನಲ್ಲಿ, ಬೇರೆ ಭಾಷೆಗಳಿಗೆ ಅನುವಾದ. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಕನ್ನಡದಲ್ಲಿ ಸಿಗುವುದು ಹಾಗೆ ಅನುವಾದ ಮಾಡಿದ ಸ್ವಯಂಸೇವಕರಿಂದ. ಆದರೆ ನಮ್ಮ ತಂತ್ರಾಂಶ ಬಳಸುವವನ ಕಡತ ಕನ್ನಡದ್ದು, ಕಷ್ಟ ಕನ್ನಡದ್ದು, ಅರ್ಕಾವತ್ತು ಕನ್ನಡದ್ದು. ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡಕ್ಕೆ ಇಳಿಸುವ ಬದಲು, ಮೂಲವೇ ಕನ್ನಡ, ಇಂಗ್ಲಿಷ್ ಅದರ ಅನುವಾದ ಎಂದು ತಿರುವುಮುರುವು ಮಾಡಿದೆವು. ಇಂಗ್ಲಿಷ್ ಓದುಗ ಒಂದು ವಾರ ತಡವಾಗಿ ಓದಲಿ.

ಹೇಳಿದಷ್ಟು ಸುಲಭ ಅಲ್ಲ. ‘ಬ್ಯಾಕಪ್’ಗೆ ‘ಪ್ರತಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ‘ಫೋಲ್ಡರ್’ಗೆ ‘ಕಡತಕೋಶ’ ಎಂದರೆ ಟೈಪ್ ಮಾಡಿದ ನನಗೇ ಎರಡು ಕ್ಷಣ ಬೇಕಾಯಿತು. ದೆಹಲಿಯಲ್ಲಿ ಈ ಕೆಲಸಕ್ಕೆ ಒಂದು ಪೂರ್ವಚರಿತ್ರೆ ಇದೆ. 2000ದಲ್ಲಿ ರಾಜ್‌ಪುರ ರಸ್ತೆಯ ಸಿಎಸ್‌ಡಿಎಸ್ ಸಂಸ್ಥೆಯಲ್ಲಿ ಶುರುವಾದ ‘ಸರಾಯ್’, ಇಂಡ್‌ಲಿನಕ್ಸ್ ಬಳಗದ ಜೊತೆ ಸೇರಿ, ಲಿನಕ್ಸ್‌ನ ಹಿಂದಿ ಪದಗಳನ್ನು ತಿದ್ದಲು ಪ್ರೋಗ್ರಾಮರ್‌ಗಳ ಪಕ್ಕದಲ್ಲಿ ಹಿಂದಿ ಬರಹಗಾರರನ್ನೂ ಕೂರಿಸಿತ್ತು. ಎಂಜಿನಿಯರ್ ಒಬ್ಬನೇ ಕೂತು ಮಾಡಿದ ಅನುವಾದ ಬಾಯಲ್ಲಿ ನಿಲ್ಲುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ನಾವೂ ಬಾಯಿ ಹುಡುಕಬೇಕಾಯಿತು.

ಒಂದು ಭಾನುವಾರ ಬ್ಲೂ ಲೈನ್ ಹಿಡಿದು, ಬೊಟಾನಿಕಲ್ ಗಾರ್ಡನ್‌ನಲ್ಲಿ ಮಜೆಂಟಾ ಲೈನಿಗೆ ಬದಲಾಯಿಸಿ, ಆರ್.ಕೆ. ಪುರಂಗೆ ಹೋದೆ. ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘದಲ್ಲಿ ಪರಿಚಯವಾದ ಹಿರಿಯರೊಬ್ಬರ ಮನೆ ಹತ್ತಿರದಲ್ಲೇ. ಕೇಂದ್ರ ಸರ್ಕಾರದ ಇಲಾಖೆಯೊಂದರಿಂದ ನಿವೃತ್ತರು, ನಲವತ್ತು ವರ್ಷದಿಂದ ಇಲ್ಲೇ ಇರುವವರು, ಕನ್ನಡ ಪತ್ರಿಕೆಯನ್ನು ಈಗ ಇ-ಪೇಪರಿನಲ್ಲಿ ಓದುವವರು. ಕಾಫಿ ಕೊಟ್ಟರು. ನಾನು ಲ್ಯಾಪ್‌ಟಾಪ್ ಮುಂದಿಟ್ಟು, ‘ಸರ್, ಇದರಲ್ಲಿ ಹೇಳಿದ ಹಾಗೆ ಮಾಡುತ್ತಾ ಹೋಗಿ, ನಾನು ಬಾಯಿ ಬಿಡುವುದಿಲ್ಲ’ ಎಂದೆ. ಇದು ಹೇಳಿದಷ್ಟು ಸುಲಭವಲ್ಲ. ಎದುರಿನವರು ತಪ್ಪು ಗುಂಡಿಯ ಹತ್ತಿರ ಹೋದಾಗ ಸುಮ್ಮನಿರುವುದು ನಾಲಗೆಗೆ ಶಿಕ್ಷೆ.

ಅವರು ಗಟ್ಟಿಯಾಗಿ ಓದಿದರು. ಮೊದಲ ಸಾಲು ಸರಿ. ಎರಡನೇ ಸಾಲು: ‘ಟರ್ಮಿನಲ್ ತೆರೆಯಿರಿ.’ ನಿಂತರು. ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

‘ಟರ್ಮಿನಲ್ ಅಂದ್ರೆ? ಟಿ-3 ನಾ?’

ನಗು ಮುಗಿದ ಮೇಲೆ ಆ ಸಾಲು ಅಳಿಸಿದೆ. ಸಾಲು ಮಾತ್ರ ಅಳಿಸಿದರೆ ಸಾಲದು ಎಂದು ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು. ಟರ್ಮಿನಲ್ ಇಲ್ಲದೆ ತಂತ್ರಾಂಶ ಓಡಿಸುವ ದಾರಿಯೇ ನಮ್ಮಲ್ಲಿರಲಿಲ್ಲ. ಹೀಗೆ ಕೈಪಿಡಿಗೆಂದು ಹೊರಟು ತಂತ್ರಾಂಶಕ್ಕೆ ಒಂದು ಕಿಟಕಿ, ಎರಡು ಗುಂಡಿ ಸೇರಿತು. ವಿವರಿಸಲು ಆಗದ್ದನ್ನು ಬದಲಿಸಬೇಕು ಎಂದು ಯಾವ ತರಗತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ಹಿರಿಯರು ಅವತ್ತು ಒಟ್ಟು ಒಂಬತ್ತು ಕಡೆ ನಿಂತರು. ಒಂಬತ್ತನ್ನೂ ಬರೆದುಕೊಂಡೆ. ‘ಕ್ಲಿಕ್ಕಿಸಿ’ ಎಂಬುದು ಅವರಿಗೆ ಫೋಟೊ ತೆಗೆಯುವ ಮಾತು. ‘ಒತ್ತಿ’ ಸಾಕು ಎಂದರು. ‘ಫೋಲ್ಡರ್’ ಹಾಗೇ ಇರಲಿ, ‘ಕಡತಕೋಶ’ ನಮ್ಮ ಇಲಾಖೆಯ ಸುತ್ತೋಲೆ ಇದ್ದ ಹಾಗಿದೆ ಎಂದರು.

ಇನ್ನು ಸಣ್ಣ ಸಂಗತಿಗಳು, ಆದರೆ ತಾಣ ಬದುಕುವುದು ಇವುಗಳ ಮೇಲೆಯೇ. ಪುಟದ ವಿಳಾಸ ಕನ್ನಡದಲ್ಲೇ ಇರಲಿ ಎಂದು ಮೊದಲು ಆಸೆಪಟ್ಟಿದ್ದೆವು. ಕನ್ನಡದ ಒಂದೊಂದು ಚಿಹ್ನೆಯೂ ಮೂರು ಬೈಟ್. ವಿಳಾಸವನ್ನು ನಕಲಿಸಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಅನೇಕ ಸಲ ಒಂದೊಂದು ಬೈಟೂ ಶೇಕಡಾ ಗುರುತಿನ ಜೊತೆ ಮೂರು ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. ‘ಕನ್ನಡ’ ಎಂಬ ಮೂರಕ್ಷರದ ಪದ, ವಿರಾಮ ಚಿಹ್ನೆ ಮತ್ತು ಒತ್ತನ್ನು ಬಿಡಿಸಿ ಎಣಿಸಿದರೆ ಐದು ಚಿಹ್ನೆ, 45 ಅಕ್ಷರದ ಕಸವಾಗುತ್ತದೆ. ಅಂಥ ಕೊಂಡಿಯನ್ನು ನೋಡಿದವರು ವೈರಸ್ ಎಂದುಕೊಳ್ಳುತ್ತಾರೆ. ವಿಳಾಸಕ್ಕೆ ಇಂಗ್ಲಿಷ್ ಅಕ್ಷರವೇ ಗತಿಯಾಯಿತು. ಬೇಸರ ಇದೆ.

ಹುಡುಕುವ ಪೆಟ್ಟಿಗೆಯದು ಇನ್ನೊಂದು ಪಾಡು. ಇಂಗ್ಲಿಷಿಗೆ ಮಾಡಿದ ಹುಡುಕಾಟದಲ್ಲಿ ‘ಕಡತ’ ಎಂದು ಹಾಕಿದರೆ ‘ಕಡತವನ್ನು’, ‘ಕಡತಗಳಲ್ಲಿ’, ‘ಕಡತದಿಂದ’ ಎಲ್ಲ ಬೇರೆ ಬೇರೆ ಪದ. ವಿಭಕ್ತಿ ಪ್ರತ್ಯಯ ಕಳಚುವ ಒಂದು ಸಣ್ಣ ಕೋಷ್ಟಕ ಬರೆಯುತ್ತಿದ್ದೇವೆ. ಹೈಸ್ಕೂಲಿನ ವ್ಯಾಕರಣ ಪುಸ್ತಕ ಇಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂತು. ಇಡೀ ಕೈಪಿಡಿ ಒಂದೇ ಕಡತವಾಗಿ ಇಳಿಸಿಕೊಳ್ಳಲು, ಮುದ್ರಿಸಿಕೊಳ್ಳಲು ಸಿಗಬೇಕು, ಮಲೆನಾಡಿನ ಮಳೆಗಾಲದಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಕೈಪಿಡಿಯ ಪಠ್ಯ ಕೋಡ್ ಇರುವ ಕಡೆಯೇ ಇರಬೇಕು; ಕೋಡ್ ಬದಲಿಸಿದವನು ಅದೇ ಕೈಯಲ್ಲಿ ಕೈಪಿಡಿಯನ್ನೂ ತಿದ್ದದಿದ್ದರೆ ಬದಲಾವಣೆ ಒಪ್ಪುವುದಿಲ್ಲ. ಇದು ನಾವು ಮಾಡಿಕೊಂಡ ಕಟ್ಟುನಿಟ್ಟಿನ ನಿಯಮ. ಮೊದಲ ತಿಂಗಳಲ್ಲೇ ಅದನ್ನು ಮುರಿದವನು ನಾನು.

ಸಾಧನ ಕೊನೆಗೆ ಯಾವುದು ಆರಿಸಿದಿರಿ ಎಂದು ಕೇಳುವವರಿಗೆ: ಸ್ಫಿಂಕ್ಸ್. ಅನುವಾದದ ವ್ಯವಸ್ಥೆ ಅದರೊಳಗೇ ಇದೆ ಎಂಬ ಒಂದೇ ಕಾರಣಕ್ಕೆ. ಹತ್ತು ನಿಮಿಷದ ಚರ್ಚೆ.

ದುಡ್ಡಿನ ಮಾತೂ ಆಡಬೇಕು. ಇಂಥ ತಾಣವನ್ನು ಉಚಿತವಾಗಿ ಇಡಲು ಜಾಗ ಸಿಗುತ್ತದೆ. ಹೆಸರಿಗೆ ಮಾತ್ರ ವರ್ಷವರ್ಷ ಹಣ ಕಟ್ಟಬೇಕು, ಅದೂ ದೊಡ್ಡ ಮೊತ್ತವಲ್ಲ. ನಮ್ಮ ಹಳೆಯ ತಾಣ ಎರಡು ವರ್ಷದ ಹಿಂದೆ ಹದಿನೆಂಟು ದಿನ ಸತ್ತುಹೋಗಿತ್ತು. ಹೆಸರು ನೋಂದಾಯಿಸಿದ್ದ ಗೆಳೆಯನ ಕ್ರೆಡಿಟ್ ಕಾರ್ಡಿನ ಅವಧಿ ಮುಗಿದಿತ್ತು, ಎಚ್ಚರಿಕೆಯ ಪತ್ರಗಳು ಅವನು ಬಿಟ್ಟ ಕಂಪನಿಯ ಇಮೇಲ್ ವಿಳಾಸಕ್ಕೆ ಹೋಗುತ್ತಿದ್ದವು. ಊರುಬಿಟ್ಟು ಊರು, ಕೆಲಸಬಿಟ್ಟು ಕೆಲಸ ತಿರುಗುವ ನಮ್ಮಂಥವರು ಕಟ್ಟುವ ಎಲ್ಲಕ್ಕೂ ಇರುವ ಕಂಟಕ ಇದು. ಈಗ ಕೀಲಿ ಮೂವರ ಹತ್ತಿರ ಇದೆ: ಒಬ್ಬ ನೋಯ್ಡಾ, ಒಬ್ಬ ಮೈಸೂರು, ಒಬ್ಬಳು ಜರ್ಮನಿ. ಯಾರ ಹತ್ತಿರ ಏನಿದೆ ಎಂಬ ಪುಟವೂ ಕೈಪಿಡಿಯಲ್ಲಿ ಇರುತ್ತದೆ. ಆ ಪುಟ ಬರೆಯುವಾಗ, ನಾವ್ಯಾರೂ ಇಲ್ಲದಾಗ ಇದನ್ನು ಓದುವವರು ಯಾರಿರಬಹುದು ಎಂದು ಯೋಚನೆ ಬಂತು. ವಿ. ಕೃಷ್ಣ ಅವರು ಸುಮಾರು ನಲವತ್ತು ವರ್ಷ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಕೈಲಾಶ್ ನಾಧ್ ಅವರ ಮೂಲಕ ಮುಕ್ತ ಪರವಾನಗಿಯಡಿ ಎಲ್ಲರ ಕೈಗೆ ಬಂದದ್ದು ನೆನಪಾಯಿತು. ಅದು ಒಂದೇ ಕಂಪ್ಯೂಟರಿನಲ್ಲಿ ಉಳಿದಿದ್ದರೆ? ಮೇಷ್ಟ್ರ ಮೂರು ಅಧ್ಯಾಯ ಉಳಿದಿದ್ದದ್ದು ಹಾಗೆಯೇ.

ಯಾವ ಫಾಂಟ್ ಎಂದು ಗುರುತಿಸುವ ಪುಟ ಮಾತ್ರ ಇನ್ನೂ ಅರ್ಧ ಆಗಿದೆ. ಅತಿ ಹೆಚ್ಚು ಜನ ಕೇಳಿದ ಪ್ರಶ್ನೆ, ಅತಿ ಕಷ್ಟದ ಪುಟ. ಫಾಂಟ್ ಕಳೆದುಹೋದಾಗ ‘ಕರ್ನಾಟಕ’ ಎಂಬ ಪದ ಯಾವ ಯಾವ ಕಸವಾಗಿ ಕಾಣುತ್ತದೆ ಎಂದು ಒಂದೊಂದು ಫಾಂಟಿಗೂ ಒಂದೊಂದು ಚಿತ್ರ ಹಾಕುತ್ತಿದ್ದೇವೆ. ನಿಮ್ಮ ತೆರೆಯಲ್ಲಿರುವ ಕಸವನ್ನು ಚಿತ್ರದ ಜೊತೆ ಹೋಲಿಸಿದರಾಯಿತು. ‘ಕರ್ನಾಟಕ’ವನ್ನೇ ಏಕೆ ಆರಿಸಿದೆವು ಎಂದರೆ ಅದು ಹೆಚ್ಚುಕಡಿಮೆ ಎಲ್ಲ ಕಡತದಲ್ಲೂ ಇರುತ್ತದೆ, ಜೊತೆಗೆ ಅದರಲ್ಲಿ ಒಂದು ಅರ್ಕಾವತ್ತು ಇದೆ. ಪ್ರೆಸ್ಸುಗಳು ತಮಗೆ ಬೇಕಾದಂತೆ ತಿದ್ದಿಕೊಂಡ ಫಾಂಟ್‌ಗಳು ಎಷ್ಟಿವೆಯೋ. ಡಿಟಿಪಿ ಮಾಡುತ್ತಿದ್ದವರು, ಹಳೆಯ ಪ್ರೆಸ್ ಇದ್ದವರು ನಿಮ್ಮ ಬಳಗದಲ್ಲಿದ್ದರೆ ಅವರ ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಏನಿದೆ ಎಂದು ಈ ಸಲ ಊರಿಗೆ ಹೋದಾಗ ಕೇಳಿ ನೋಡಿ.

ಮೇಷ್ಟ್ರು ಈಗ ನಮ್ಮ ಕೈಪಿಡಿಯ ಕರಡು ತಿದ್ದುತ್ತಾರೆ. ಕ್ಷಮೆ ಕೇಳಿ ಬರೆದ ಪತ್ರಕ್ಕೆ ಉತ್ತರವಾಗಿ ಅವರೇ ಕೇಳಿಕೊಂಡರು. ಕೆಂಪು ಪೆನ್ನಿನಲ್ಲಿ ತಿದ್ದಿ, ಪುಟಗಳ ಫೋಟೊ ತೆಗೆದು ಕಳಿಸುತ್ತಾರೆ. ಕಳೆದ ವಾರ ‘ಪರಿವರ್ತನೆ’ ಎಂಬ ಪದದಲ್ಲಿ ನನ್ನದೇ ಅರ್ಕಾವತ್ತು ಬಿಟ್ಟುಹೋಗಿತ್ತು. ಅದರ ಸುತ್ತ ವೃತ್ತ ಎಳೆದು ಒಂದು ಆಶ್ಚರ್ಯ ಚಿಹ್ನೆ ಹಾಕಿದ್ದರು. ಗದ್ದೆಗಳ ಹೆಸರನ್ನು ಮತ್ತೆ ಹುಡುಕಲು ಶುರುಮಾಡಿದ್ದಾರೆ. ಸಂಶಯದಲ್ಲಿದ್ದವು ಹತ್ತೊಂಬತ್ತು. ಮಗನ ಜೊತೆ ಸಾಗರದಲ್ಲಿರುವ, ಊರಿನ ಹಳೆಯ ಮನೆತನದ ಅಜ್ಜಿಯೊಬ್ಬರನ್ನು ಹುಡುಕಿಕೊಂಡು ಹೋಗಿದ್ದರಂತೆ. ಶನಿವಾರ ರಾತ್ರಿ ಫೋನ್ ಮಾಡಿದರು. ‘ಅದು ಬರ್ಗಿಯೇ ಕಣ್ರೀ’ ಎಂದರು. ಹದಿಮೂರು ಸಿಕ್ಕಿವೆ.